ಕೈಗುಣ ಯಾವ ರಿಜಿಸ್ಟರಿನಲ್ಲಿ ಸಿಗುತ್ತದೆ?

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ವೈದ್ಯಕೀಯ ಪರಿಷತ್ತು,
ಬೆಂಗಳೂರು

ಮಾನ್ಯರೇ,

ನಮ್ಮ ಕಡೆ ಹೊಸ ಡಾಕ್ಟರ ಬಗ್ಗೆ ವಿಚಾರಿಸುವಾಗ ಯಾರೂ ಡಿಗ್ರಿ ಕೇಳುವುದಿಲ್ಲ. "ಕೈಗುಣ ಹೇಗೆ?" ಅಂತ ಕೇಳುತ್ತಾರೆ. ಆ ಒಂದು ಮಾತಿನಲ್ಲಿ ಎಲ್ಲವೂ ಬಂತು. ಕಾಯಿಲೆ ಹಿಡಿಯುತ್ತಾರಾ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರಾ, ದುಡ್ಡಿಗೆ ಕೈ ಹಾಕುತ್ತಾರಾ, ಎಲ್ಲವೂ.

1961ರ ಕಾಯ್ದೆಯ ಪ್ರಕಾರ ನೀವು ರಾಜ್ಯದ ಡಾಕ್ಟರುಗಳ ರಿಜಿಸ್ಟರ್ ಇಟ್ಟಿದ್ದೀರಿ. ಹೆಸರು, ಓದು, ನೋಂದಣಿ ನಂಬರ್ ಅದರಲ್ಲಿವೆ. ಎದುರು ಕೂತವರು ಅಸಲಿ ಡಾಕ್ಟರಾ ನಕಲಿಯಾ ಅನ್ನುವುದು ಅದರಿಂದ ತಿಳಿಯುತ್ತದೆ. ಅದೇನು ಸಣ್ಣ ಕೆಲಸವಲ್ಲ. ಆದರೆ ನಾನು ಹುಡುಕುತ್ತಿದ್ದದ್ದು ನಮ್ಮಮ್ಮನ ಮಾತನ್ನು ಕೊನೆವರೆಗೂ ಕೇಳುವ ಒಬ್ಬ ಡಾಕ್ಟರನ್ನು. ಸಿಗುವುದಕ್ಕೆ 14 ತಿಂಗಳು ಹಿಡಿಯಿತು. ಸಿಕ್ಕಿದ್ದೂ ನಮ್ಮ ಚಿಕ್ಕಮ್ಮನ ಬಾಯಿಮಾತಿನಿಂದ. ಆ 14 ತಿಂಗಳು ಏನಾಯಿತು ಅಂತ ಮೊದಲು ಹೇಳಿ, ಆಮೇಲೆ ನಿಮ್ಮ ಹತ್ತಿರ ಕೇಳಬೇಕಾದ್ದನ್ನು ಕೇಳುತ್ತೇನೆ. ಯಾವ ಡಾಕ್ಟರ, ಯಾವ ಆಸ್ಪತ್ರೆಯ ಹೆಸರನ್ನೂ ಬರೆಯುತ್ತಿಲ್ಲ. ಇದು ಒಬ್ಬರ ಮೇಲಿನ ದೂರಲ್ಲ.

ನಾನು ತಿಪಟೂರು ಕಡೆಯವಳು, ಹೈಸ್ಕೂಲ್ ಟೀಚರ್. ಅಮ್ಮನಿಗೆ 71. ಅಪ್ಪ ಹೋದ ಮೇಲೂ ಊರಲ್ಲೇ ಒಬ್ಬರೇ ಇದ್ದು, ನಾಲ್ಕು ಹಸು ನೋಡಿಕೊಂಡು, ಸಂಜೆ ಹೂವು ಕಟ್ಟಿ ದೇವಸ್ಥಾನಕ್ಕೆ ಕೊಡುತ್ತಿದ್ದರು. ಒಂದು ದಿನ ಬಿಪಿ ಜಾಸ್ತಿ ಇದೆ ಅಂತ ಗೊತ್ತಾಯಿತು. ಆಮ್ಲೊಡಿಪಿನ್ ಅನ್ನುವ ಮಾತ್ರೆ ಶುರುವಾಯಿತು. ಮೊದಲು 5 ಮಿಲಿಗ್ರಾಂ, ಆಮೇಲೆ 10. ಬಿಪಿ ಇಳಿಯಿತು, ನಮಗೂ ಸಮಾಧಾನವಾಯಿತು.

ಎರಡು ತಿಂಗಳಿಗೆ ಕಾಲು ಊದಿಕೊಳ್ಳತೊಡಗಿತು. ಸಂಜೆ ಹೊತ್ತಿಗೆ ಚಪ್ಪಲಿ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಕಿಡ್ನಿ ಟೆಸ್ಟ್, ಹೃದಯದ ಎಕೋ ಸ್ಕ್ಯಾನ್ ಎಲ್ಲ ಮಾಡಿಸಿದರು. ಎಲ್ಲವೂ ಸರಿಯಿತ್ತು. ನೀರು ಹೋಗುವ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದ ಮೇಲೆ ಅಮ್ಮ ರಾತ್ರಿ ನಾಲ್ಕು ಸಲ ಏಳಬೇಕಾಯಿತು. ಬಸ್ಸು ಹತ್ತುವುದನ್ನೇ ಬಿಟ್ಟರು. ಪದೇ ಪದೇ ಏಳುವುದು ಬೇಡ ಅಂತ ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಇದು ನಮಗೆ ಗೊತ್ತೇ ಇರಲಿಲ್ಲ. ತಲೆ ಸುತ್ತುತ್ತದೆ ಅನ್ನುತ್ತಿದ್ದರು, ಅಷ್ಟೇ. ಒಂದು ದಿನ ಬೆಳಿಗ್ಗೆ ಬಚ್ಚಲಮನೆ ಬಾಗಿಲಲ್ಲೇ ಬಿದ್ದರು.

ಮೂರನೆಯ ಕಡೆ ತಲೆಗೆ ಸಿಟಿ ಸ್ಕ್ಯಾನ್ ಆಯಿತು. ಅದರಲ್ಲೂ ಏನಿಲ್ಲ. ತಲೆಸುತ್ತಿಗೆ ದಿನಕ್ಕೆ ಮೂರು ಮಾತ್ರೆ. 15 ದಿನಕ್ಕೆ ಬರೆದಿದ್ದರು. ಮುಗಿದಾಗ ಅದೇ ಚೀಟಿ ತೋರಿಸಿದರೆ ಮೆಡಿಕಲ್ ಸ್ಟೋರಿನವರು ಮತ್ತೆ ಕೊಟ್ಟರು. ಮತ್ತೆ, ಮತ್ತೆ. ಐದು ತಿಂಗಳು ನಡೆಯಿತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಕೈ ನಡುಗಲು ಶುರುವಾಯಿತು. ನಡಿಗೆ ಸಣ್ಣದಾಯಿತು, ಕಾಲನ್ನು ಎತ್ತದೆ ಎಳೆದುಕೊಂಡು ಹೋಗುತ್ತಿದ್ದರು. ಮುಖದಲ್ಲಿ ನಗುವೇ ಕಾಣುತ್ತಿರಲಿಲ್ಲ. ಹೂವಿನ ಬುಟ್ಟಿ ಮೂಲೆ ಸೇರಿತು. ಬೆಂಗಳೂರಿಗೆ ಕರೆದುಕೊಂಡು ಹೋದೆ. ನಾಲ್ಕು ಗಂಟೆ ಕಾದೆವು. ಒಳಗೆ ಹೋಗಿ ಹೊರಗೆ ಬರುವ ಹೊತ್ತಿಗೆ ಗಡಿಯಾರ ನೋಡಿಕೊಂಡೆ. ಮೂರು ನಿಮಿಷವೂ ಆಗಿರಲಿಲ್ಲ. "ವಯಸ್ಸಾಯ್ತಲ್ವಾ, ಪಾರ್ಕಿನ್ಸನ್ ಶುರುವಾಗಿದೆ" ಅಂದರು. ಕೈ ನಡುಗುವ, ಮೈ ಬಿಗಿಯುವ ಮೆದುಳಿನ ಕಾಯಿಲೆ ಅದು. ಅದಕ್ಕೆ ಮಾತ್ರೆ. ಆ ಮಾತ್ರೆಗೆ ವಾಕರಿಕೆ. ವಾಕರಿಕೆಗೆ ಇನ್ನೊಂದು. ಇಷ್ಟೆಲ್ಲ ನುಂಗಿದರೆ ಹೊಟ್ಟೆ ಉರಿಯುತ್ತದಲ್ಲ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಮತ್ತೊಂದು. ವಿಟಮಿನ್, ಕ್ಯಾಲ್ಸಿಯಂ, ನಿದ್ದೆಗೆ ಅರ್ಧ ಮಾತ್ರೆ ಎಲ್ಲ ಸೇರಿ 9 ಬಗೆ. ಜವಳಿ ಅಂಗಡಿಯ ಕ್ಯಾರಿ ಬ್ಯಾಗೊಂದರಲ್ಲಿ ತುಂಬಿಟ್ಟಿದ್ದೆವು.

ಒಂದು ಮಾತು ಹೇಳಲೇಬೇಕು. ಇವರಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಗದರಲಿಲ್ಲ, ಸುಲಿಗೆಯನ್ನೂ ಮಾಡಲಿಲ್ಲ. ಅವರವರ ಮೇಜಿನ ಮುಂದೆ ಬಂದ ತೊಂದರೆಗೆ ಅವರವರು ಸರಿಯಾದ ಮಾತ್ರೆಯನ್ನೇ ಕೊಟ್ಟರೇನೋ. ಆದರೆ ನಾಲ್ವರಲ್ಲಿ ಒಬ್ಬರೂ ಆ ಬ್ಯಾಗನ್ನು ಬಿಚ್ಚಿ ನೋಡಲಿಲ್ಲ.

ಬಿಚ್ಚಿ ನೋಡಿದವರು ಐದನೆಯವರು. ಸಣ್ಣ ಊರಿನ ಡಾಕ್ಟರು. ಗೋಡೆಗೆ ಹಳೆಯ ಹಸಿರು ಬಣ್ಣ, ಹೊರಗೆ ಮರದ ಬೆಂಚು, ಫೀಸು 100 ರೂಪಾಯಿ. "ಒಂದ್ಸಲ ಅವರತ್ರ ತೋರ್ಸೇ, ಕಾಯ್ಬೇಕು ಅನ್ನೋದೊಂದೇ ಕಷ್ಟ" ಅಂದಿದ್ದರು ಚಿಕ್ಕಮ್ಮ. ನಿಜ ಹೇಳಬೇಕೆಂದರೆ ಆರು ತಿಂಗಳ ಹಿಂದೆಯೇ ಒಮ್ಮೆ ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೆ. ಬೆಂಚಿನ ಮೇಲೆ 20 ಜನ ಇದ್ದರು. ಕ್ಲಿನಿಕ್ ನೋಡಿದರೆ ನಂಬಿಕೆಯೂ ಹುಟ್ಟಿರಲಿಲ್ಲ.

ಈ ಸಲ ಎರಡು ಗಂಟೆ ಕಾದೆವು. ಒಳಗೆ ಹೋದ ಕೂಡಲೇ ನಾನು ಶುರು ಹಚ್ಚಿಕೊಂಡೆ. ಪಾರ್ಕಿನ್ಸನ್ ಅಂತೆ, ತಲೆಸುತ್ತು ಅಂತೆ. ಅವರು ಕೈ ಅಡ್ಡ ಹಿಡಿದು, "ನೀವು ಆಮೇಲೆ ಹೇಳಿ ತಾಯಿ. ಮೊದಲು ಅಮ್ಮ ಹೇಳಲಿ" ಅಂದರು. ಅಮ್ಮ ನಿಧಾನವಾಗಿ ಹಸುವಿನಿಂದ ಶುರು ಮಾಡಿ ಬಚ್ಚಲಮನೆಗೆ ಬರುವ ಹೊತ್ತಿಗೆ ಐದಾರು ನಿಮಿಷವಾಗಿತ್ತು. ಅವರು ನಡುವೆ ಬಾಯಿ ಹಾಕಲಿಲ್ಲ. ರಾತ್ರಿ ಏಳುವ ಭಯಕ್ಕೆ ನೀರು ಕುಡಿಯುತ್ತಿಲ್ಲ ಅನ್ನುವುದು ಅವತ್ತೇ ನನಗೂ ಗೊತ್ತಾದದ್ದು.

"ಎಲ್ಲಿ, ಆ ಬ್ಯಾಗು ಕೊಡಿ" ಅಂದರು. ಮೇಜಿನ ಮೇಲಿದ್ದ ಪೇಪರು ಪಕ್ಕಕ್ಕೆ ಸರಿಸಿ ಅಷ್ಟನ್ನೂ ಸುರಿದರು. ಒಂದೊಂದೇ ಪಟ್ಟಿ ಎತ್ತಿಕೊಂಡು, ಇಸ್ಪೀಟ್ ಎಲೆ ಜೋಡಿಸಿದ ಹಾಗೆ ಸಾಲಾಗಿ ಇಟ್ಟರು. "ಇದು ಮೊದಲು ಬಂತಾ? ಇದಾಗಿ ಎಷ್ಟು ದಿನಕ್ಕೆ ಕಾಲು ಊದಿತು? ಆಮೇಲೆ ಇದಾ? ತಲೆಸುತ್ತು ಇದಕ್ಕಿಂತ ಮುಂಚೆಯಾ, ಆಮೇಲಾ?" ಯಾವುದರ ಹಿಂದೆ ಯಾವುದು ಬಂತು ಅಂತ ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಅಮ್ಮನನ್ನು ಕೂರಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ ತುಂಬಾ ಇಳಿದಿತ್ತು. ಮಣಿಕಟ್ಟು ಹಿಡಿದು ಆಡಿಸಿದರು. ಬಾಗಿಲವರೆಗೆ ನಡೆದು ಬನ್ನಿ ಅಂದರು.

ಆಮೇಲೆ ಅಮ್ಮನಿಗೇ ಹೇಳಿದರು, ನನಗಲ್ಲ. "ನೋಡಮ್ಮಾ, ಬಿಪಿ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತೆ. ನಿಮಗೂ ಅದೇ ಆಗಿರೋ ಹಾಗಿದೆ. ಊತಕ್ಕೆ ನೀರಿನ ಮಾತ್ರೆ ಕೊಟ್ಟರು, ಅದರಿಂದ ತಲೆ ಸುತ್ತಿತು. ಸುತ್ತಿಗೆ ಕೊಟ್ಟ ಮಾತ್ರೆ ಬಹಳ ದಿನ ತಗೊಂಡರೆ ಕೆಲವರಿಗೆ ಕೈ ನಡುಗುತ್ತೆ, ಮೈ ಬಿಗಿಯುತ್ತೆ. ನಿಮಗೆ ಬಂದಿರೋದು ಕಾಯಿಲೆನೋ ಮಾತ್ರೆನೋ ನೋಡೇಬಿಡೋಣ. ನಾನು ಸದ್ಯಕ್ಕೆ ಕಡಿಮೆ ಮಾಡ್ತೀನಿ, ಜಾಸ್ತಿ ಮಾಡಲ್ಲ." ನಾನೊಬ್ಬನೇ ತೀರ್ಮಾನ ಮಾಡುವುದು ಸರಿಯಲ್ಲ ಅಂತ ನಮ್ಮೆದುರೇ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದರು. ಮೂರನೇ ಸಲಕ್ಕೆ ಸಿಕ್ಕರು. ಅವರೂ ಒಪ್ಪಿದರು. ಬಿಪಿಗೆ ಬೇರೆ ಮಾತ್ರೆ ಬದಲಾಯಿಸಿ, ಉಳಿದವನ್ನು ಒಂದೊಂದಾಗಿ ಇಳಿಸುತ್ತಾ ಬಂದರು. ಯಾವ ವಾರ ಯಾವುದು ಅಂತ ಕನ್ನಡದಲ್ಲೇ ಬರೆದುಕೊಟ್ಟರು. ಆ ಹಾಳೆ ಇನ್ನೂ ನಮ್ಮ ಅಡುಗೆಮನೆ ಗೋಡೆ ಮೇಲಿದೆ.

(ಇದನ್ನು ಓದುವವರಿಗೆ ಒಂದು ಮಾತು. ದಯವಿಟ್ಟು ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಕೆಲವನ್ನು ಏಕಾಏಕಿ ಬಿಟ್ಟರೆ ಅಪಾಯ. ಬ್ಯಾಗು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.)

ಐದು ತಿಂಗಳಲ್ಲಿ 9 ಮಾತ್ರೆ 3 ಆದವು. ಊತ ಬೇಗ ಇಳಿಯಿತು. ನಡುಕ ಹೋಗುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಈಗಲೂ ಸುಸ್ತಾದಾಗ ಎಡಗೈ ಸ್ವಲ್ಪ ಅದುರುತ್ತದೆ. ಹಸುಗಳನ್ನು ಆ ಮಧ್ಯೆಯೇ ಮಾರಿದ್ದೆವು. ಅವು ವಾಪಸ್ ಬರಲಿಲ್ಲ.

ಮಾನ್ಯರೇ, ಇದು ಯಾರೂ ಕಾಣದ ವಿಚಿತ್ರವಲ್ಲ. ಒಂದು ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಮಾತ್ರೆ ಬರೆಯುವುದಕ್ಕೆ 1990ರ ದಶಕದಲ್ಲೇ ವೈದ್ಯರು 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಅಂತ ಹೆಸರಿಟ್ಟಿದ್ದಾರೆ. ಆಮ್ಲೊಡಿಪಿನ್, ಕಾಲೂತ, ನೀರಿನ ಮಾತ್ರೆ ಅನ್ನುವುದು ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅಂದಮೇಲೆ ನಾವು ನೋಡಿದ ಆ ನಾಲ್ವರಿಗೂ ಇದು ಗೊತ್ತಿಲ್ಲದ ವಿಷಯ ಆಗಿರಲಾರದು. ಐದನೆಯವರು ಅವರಿಗಿಂತ ಜಾಸ್ತಿ ಓದಿದವರೂ ಅಲ್ಲ. ಬೋರ್ಡಿನ ಮೇಲೆ ಬರೀ ಎಂಬಿಬಿಎಸ್ ಅಂತಿದೆ. ಅವರು ಕೊಟ್ಟದ್ದು 25 ನಿಮಿಷ.

ನನಗೆ ತಿಳಿದ ಮಟ್ಟಿಗೆ ಕಾಳಜಿ ಅಂದರೆ ಇದು. ನಗುಮುಖ ಅಲ್ಲ. ಕಡಿಮೆ ಫೀಸೂ ಅಲ್ಲ. ಮಂಡ್ಯದ ಡಾ. ಶಂಕರೇಗೌಡರು ಐದು ರೂಪಾಯಿಗೆ ರೋಗಿಗಳನ್ನು ನೋಡಿದ್ದು ನಾಡಿಗೆಲ್ಲ ಗೊತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಸುದರ್ಶನ್ ಮಾಡಿದ ಕೆಲಸವೂ ಗೊತ್ತು. ಅಂಥವರಿಗೆ ಕೈ ಮುಗಿಯುತ್ತೇನೆ. ಆದರೆ ಪ್ರತಿ ಡಾಕ್ಟರೂ ಹಾಗಾಗಲಿ ಅಂತ ಕೇಳುವುದು ನ್ಯಾಯವಲ್ಲ. ಸಾಲ ಮಾಡಿ ಓದಿದವರಿಗೂ ಸಂಸಾರ ಇರುತ್ತದೆ. ಫೀಸು 500 ಇರಲಿ, 800 ಇರಲಿ. ಕೊಡುವ ಶಕ್ತಿ ಇರುವವರು ಕೊಡುತ್ತೇವೆ. ಬ್ಯಾಗು ಬಿಚ್ಚಿ ನೋಡಿ, ಅಷ್ಟೇ. ದೇವರು ಅಂತ ಕೈ ಮುಗಿಯುವ ನಾವೇ ಎಡವಟ್ಟಾದರೆ ಕಲ್ಲು ಎತ್ತಿಕೊಳ್ಳುತ್ತೇವೆ. ಡಾಕ್ಟರುಗಳ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯ 2009ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ನಾಚಿಕೆ ಆಗಬೇಕಾದದ್ದು ನಮಗೆ.

ನಮ್ಮ ತಪ್ಪು ಅಷ್ಟಕ್ಕೇ ಮುಗಿಯುವುದಿಲ್ಲ. ಸೂಜಿ ಹಾಕದೆ ಕಳಿಸಿದರೆ "ಏನೂ ಕೊಡಲೇ ಇಲ್ಲ" ಅಂತ ಗೊಣಗುವವರು ನಾವು. ಸ್ಕ್ಯಾನ್ ಬರೆಯದಿದ್ದರೆ ಡಾಕ್ಟರಿಗೆ ಗೊತ್ತಾಗಲಿಲ್ಲ ಅನ್ನುವವರೂ ನಾವೇ. ಹಳೇ ಚೀಟಿ ಮನೆಯಲ್ಲಿ ಬಿಟ್ಟು ಬರುತ್ತೇವೆ. ಇಂಟರ್ನೆಟ್ಟಿನಲ್ಲಿ ಸ್ಟಾರ್ ಕೊಡುವಾಗ ಎಸಿ, ಪಾರ್ಕಿಂಗ್, ರಿಸೆಪ್ಷನ್ನಿನವರ ಮಾತು ನೋಡಿ ಕೊಡುತ್ತೇವೆ. ನಮ್ಮ ಈ ಡಾಕ್ಟರಿಗೆ ಅಲ್ಲಿ ಮೂರೂ ಚಿಲ್ಲರೆ ಸ್ಟಾರ್ ಇದೆ. ದೂರು ಏನು ಗೊತ್ತಾ? "ತುಂಬಾ ಕಾಯಿಸುತ್ತಾರೆ." ಒಳಗಿರುವವರಿಗೆ 25 ನಿಮಿಷ ಕೊಟ್ಟರೆ ಹೊರಗಿರುವವರು ಕಾಯಲೇಬೇಕಲ್ವಾ?

67 ದೇಶಗಳ ಲೆಕ್ಕ ನೋಡಿ 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಸ್ವೀಡನ್ನಿನಲ್ಲಿ ಡಾಕ್ಟರು ಒಬ್ಬ ರೋಗಿಗೆ ಸರಾಸರಿ 22 ನಿಮಿಷಕ್ಕೂ ಜಾಸ್ತಿ ಕೊಡುತ್ತಾರೆ. ನಮ್ಮ ದೇಶದ್ದು ಸುಮಾರು ಎರಡು ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಸರ್ಕಾರಿ ಆಸ್ಪತ್ರೆಯ ಓಪಿಡಿ ಸಾಲು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಅಲ್ಲಿನ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಆದರೆ ಸಾಲು ಚಿಕ್ಕದಿದ್ದು, ಫೀಸು ದೊಡ್ಡದಿರುವ ಕಡೆಯೂ ಅದೇ ಎರಡು ಮೂರು ನಿಮಿಷ ಆದರೆ ಏನೆನ್ನಬೇಕು?

ಈಗ ನನ್ನ ಕೋರಿಕೆಗಳು. ಮೊದಲನೆಯದಕ್ಕೆ ಹೊಸ ಕಾನೂನೇನೂ ಬೇಡ. ವೈದ್ಯರ ನಡವಳಿಕೆಗೆ 2002ರ ನಿಯಮಗಳಿವೆ. ರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದರಲ್ಲಿದೆ. ಔಷಧಿಯನ್ನು ಜೆನೆರಿಕ್ ಹೆಸರಿನಲ್ಲಿ (ಕಂಪನಿಯ ಬ್ರ್ಯಾಂಡ್ ಅಲ್ಲ, ಔಷಧಿಯ ಮೂಲ ಹೆಸರು), ಓದಲು ಬರುವ ಹಾಗೆ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆಯಬೇಕು ಅಂತ 2016ರಲ್ಲಿ ತಿದ್ದುಪಡಿಯಾಗಿದೆ. ನಮ್ಮ ಬ್ಯಾಗಿನಲ್ಲಿದ್ದ 11 ಚೀಟಿಗಳಲ್ಲಿ ದೊಡ್ಡಕ್ಷರದ ಚೀಟಿ ಒಂದೇ ಒಂದು. ಬ್ರ್ಯಾಂಡ್ ಹೆಸರು ಬೇರೆ ಬೇರೆ ಇದ್ದದ್ದರಿಂದ ಗ್ಯಾಸ್ಟ್ರಿಕ್ ಮಾತ್ರೆ ಒಂದಷ್ಟು ದಿನ ಎರಡೆರಡು ನುಂಗಿದ್ದೂ ಉಂಟು. ಈ ನಿಯಮಗಳನ್ನು ದಯವಿಟ್ಟು ಎಲ್ಲ ಡಾಕ್ಟರುಗಳಿಗೆ ಮತ್ತೆ ನೆನಪಿಸಿ. ಕನ್ನಡದಲ್ಲಿ ಒಂದು ಪುಟ ಮಾಡಿ ಪ್ರತಿ ಕ್ಲಿನಿಕ್ಕಿನ ಗೋಡೆಗೆ ಹಾಕಿಸಿ. ಕೇಳುವ ಹಕ್ಕಿದೆ ಅಂತ ಗೊತ್ತಾದರೆ ನಾವೇ ಕೇಳುತ್ತೇವೆ.

ಎರಡನೆಯದು ಮಾತ್ರೆ ನಿಲ್ಲಿಸುವ ಪಾಠ. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಡಾಕ್ಟರುಗಳು ಮುಂದುವರಿದ ಕಲಿಕೆ ಮಾಡಬೇಕು ಅಂತ ಅದೇ ನಿಯಮಗಳಲ್ಲಿದೆ. ಅಂಥ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವವರು ನೀವು. ಅದರಲ್ಲಿ ಕೆಲವು ಗಂಟೆಯನ್ನಾದರೂ ವಯಸ್ಸಾದವರ ಮಾತ್ರೆ ಕಡಿಮೆ ಮಾಡುವುದಕ್ಕೆ, ಕನ್ನಡದಲ್ಲಿ ಕೂತು ಕೇಳುವುದಕ್ಕೆ ಮೀಸಲಿಡಿ. ಹೊಸ ಮಾತ್ರೆ ಶುರು ಮಾಡಿ ಅಂತ ಹೇಳುವುದಕ್ಕೆ ಟೈ ಕಟ್ಟಿಕೊಂಡ ಔಷಧಿ ಕಂಪನಿಯ ರೆಪ್‌ಗಳು ಬಾಗಿಲಲ್ಲೇ ನಿಂತಿರುತ್ತಾರೆ. ನಿಲ್ಲಿಸಿ ಅಂತ ಹೇಳುವುದಕ್ಕೆ ಯಾವ ಕಂಪನಿ ಬರುತ್ತದೆ? ಅದನ್ನು ನೀವೇ ಹೇಳಬೇಕು. 2019ರಿಂದ ಎಂಬಿಬಿಎಸ್ ಓದುವ ಮಕ್ಕಳಿಗೆ ನಡವಳಿಕೆ, ನೀತಿ, ಮಾತುಕತೆಯ ಪಾಠವನ್ನೂ ಸೇರಿಸಿದ್ದಾರೆ. ಒಳ್ಳೆಯದು. ಅದಕ್ಕಿಂತ ಮುಂಚೆ ಓದಿ ಹೊರಬಂದವರೇ ಅಲ್ವಾ ಈಗ ನಮ್ಮನ್ನು ನೋಡುತ್ತಿರುವವರಲ್ಲಿ ಜಾಸ್ತಿ?

ಮೂರನೆಯದು ದೂರಿನ ದಾರಿ. ನಾನು ಆ ನಾಲ್ವರ ಮೇಲೆ ದೂರು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಯಾರ ಲೈಸೆನ್ಸೂ ಹೋಗುವುದು ನನಗೆ ಬೇಕಿಲ್ಲ. "ಹೀಗಾಯಿತು, ಇನ್ನೊಬ್ಬರಿಗೆ ಆಗದಿರಲಿ" ಅಂತ ಹೇಳುವುದಕ್ಕೆ ಒಂದು ಜಾಗ ಬೇಕಿತ್ತು. ಖಾಸಗಿ ಆಸ್ಪತ್ರೆಗಳ ದೂರಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರವಿದೆ. ಡಾಕ್ಟರುಗಳ ನಡವಳಿಕೆಗೆ ನೀವಿದ್ದೀರಿ. ಎರಡೂ ಕಡೆ ತಪ್ಪು, ವಿಚಾರಣೆ, ಶಿಕ್ಷೆ ಅನ್ನುವ ದಾರಿಯೇ. ಯಾರನ್ನೂ ಕಟಕಟೆಗೆ ಹತ್ತಿಸದೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕುವಂಥ ಒಂದು ವ್ಯವಸ್ಥೆ ಮಾಡಿ. ವರ್ಷಕ್ಕೊಮ್ಮೆ ಅಂಥವನ್ನು ಹೆಸರಿಲ್ಲದೆ ಒಟ್ಟು ಮಾಡಿ ಡಾಕ್ಟರುಗಳಿಗೆ ಕಳಿಸಿ. ಇನ್ನು ನಿಜವಾಗಿಯೂ ದೂರು ಕೊಡಬೇಕಾದವರ ಕಷ್ಟ ಬೇರೆಯೇ ಇದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ, ನಿಮ್ಮ ತೀರ್ಮಾನ ಒಪ್ಪಿಗೆಯಾಗದ ಡಾಕ್ಟರು ಮೇಲ್ಮನವಿ ಹೋಗಬಹುದು ಅಂತ ಬರೆದಿದೆ. ರೋಗಿಯ ಮಾತು ಅಲ್ಲಿಲ್ಲ. ಇದನ್ನು ಸರಿಪಡಿಸಿ ಅಂತ ದೆಹಲಿಗೆ ನೀವು ಬರೆದರೆ ತೂಕ ಇರುತ್ತದೆ. ನಾನು ಬರೆದರೆ ಯಾರು ಓದುತ್ತಾರೆ?

ಕೊನೆಯದು ನಿಮ್ಮದೇ ಮಕ್ಕಳ ವಯಸ್ಸಿನ ಡಾಕ್ಟರುಗಳ ವಿಷಯ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಈಗ ಡಾಕ್ಟರು. ದಿನಕ್ಕೆ ಇಷ್ಟು ಜನರನ್ನು ನೋಡಬೇಕು, ಇಷ್ಟು ಟೆಸ್ಟ್ ಬರೆಯಬೇಕು ಅಂತ ಕೆಲಸದ ಜಾಗದಲ್ಲಿ ಲೆಕ್ಕ ಕೇಳುತ್ತಾರಂತೆ. "ಮಿಸ್, ನಿಧಾನಕ್ಕೆ ನೋಡಿದರೆ ನನ್ನ ಪರ್ಫಾರ್ಮೆನ್ಸ್ ಕಡಿಮೆ ಅಂತಾರೆ" ಅಂದಳು. ಚಿಕ್ಕವಳಿದ್ದಾಗ ಗಾಯವಾದ ನಾಯಿಮರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕ್ಲಾಸಿಗೆ ಬಂದಿದ್ದ ಹುಡುಗಿ ಅವಳು. ಕಾಳಜಿ ಇಲ್ಲದವಳಲ್ಲ. ಇಂಥ ಟಾರ್ಗೆಟ್ ವೈದ್ಯಧರ್ಮಕ್ಕೆ ವಿರುದ್ಧ ಅಂತ ಪರಿಷತ್ತು ಒಂದು ಸುತ್ತೋಲೆ ಹೊರಡಿಸಲಿ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಮ್ಯಾನೇಜರಿಗೆ "ಆಗಲ್ಲ" ಅನ್ನುವ ಹಾಗಾಗಲಿ. ಕಾಳಜಿ ಹುಟ್ಟಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಇರುವ ಕಾಳಜಿಯನ್ನು ಕಾಯುವುದು ಖಂಡಿತ ಇದೆ.

ಹೋದ ವಾರ ಅಮ್ಮನನ್ನು ತೋರಿಸಲು ಮತ್ತೆ ಆ ಕ್ಲಿನಿಕ್ಕಿಗೆ ಹೋಗಿದ್ದೆವು. ಡಾಕ್ಟರಿಗೂ 70 ದಾಟಿದೆ. ಸಂಜೆ ಹೊತ್ತು ಕಣ್ಣು ಮಂಜಾಗುತ್ತದೆ ಅಂತ ಈಗ ಬೆಳಿಗ್ಗೆ ಮಾತ್ರ ಕೂರುತ್ತಾರೆ. ಅಮ್ಮ ತಾವೇ ಕಟ್ಟಿದ ಒಂದು ಮೊಳ ಕನಕಾಂಬರ ಅವರ ಮೇಜಿನ ಮೇಲಿಟ್ಟರು. ಅವರು ನಕ್ಕು, ಹೂವು ಪಕ್ಕಕ್ಕಿಟ್ಟು, "ಎಲ್ಲಿ, ಬ್ಯಾಗು ಕೊಡಿ" ಅಂದರು. ಹೊರಗೆ ಬೆಂಚಿನ ಮೇಲೆ ಜಾಗ ಇರಲಿಲ್ಲ. ಅವರ ಕುರ್ಚಿಯಲ್ಲಿ ಮುಂದೆ ಯಾರು ಕೂರುತ್ತಾರೆ ಅಂತ ಬೆಂಚಿನಲ್ಲಿದ್ದ ಯಾರಿಗೂ ಗೊತ್ತಿಲ್ಲ. ವಿಚಾರಿಸಿದೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ತಿಪಟೂರು ಕಡೆಯ ಒಬ್ಬ ಟೀಚರ್